ಪರಸವ್ವನ ತಗಡಿನ ರೈಲು

“ವೈನಿಗೆ ಎಷ್ಟು ಕಮಿಷನ್ ಸಿಗತೈತಿ ಅನ್ನೂದನ್ನ ಮೊದಲ ಹೇಳಲಿ! ಆಮ್ಯಾಲೆ ವಿಮಾದ ಮಾತು ಆಡೂಣು!”

ಅತ್ತಿಗೆಯನ್ನು ‘ವೈನಿ’ ಎಂದೇ ಕರೆಯುವ ಮೈದುನ ಶಿವಾಜಿಯ ಬಾಯಿಂದ ಈ ಮಾತು ಬಿದ್ದದ್ದೇ ತಡ, ರೊಟ್ಟಿ ಬಡಿಯುತ್ತಿದ್ದ ವಿಶಾಖಾಳ ಕೈ ನಿಂತುಹೋಯಿತು. ಹಂಚಿನ ಮೇಲಿನ ರೊಟ್ಟಿ ಉಬ್ಬಿ, ಹೊಗೆಯಾಡಿ, ಕರಕಾಗತೊಡಗಿದರೂ ಅವಳಿಗೆ ಅದರ ಪರಿವೆಯಿಲ್ಲ. ಪಡಸಾಲೆಯಲ್ಲಿ ಕುಳಿತ ಗಂಡ ಅಂಬಾದಾಸ ತನ್ನ ಪರವಾಗಿ ಒಂದು ಮಾತಾದರೂ ಆಡಿಯಾನು ಎಂದು ಕಿವಿಗೊಟ್ಟು ಕಾದಳು. ಅವನು ಗಂಟಲು ಸರಿಮಾಡಿಕೊಂಡ... ಅಷ್ಟೇ. ಬದಲಿಗೆ ಕೇಳಿಬಂದದ್ದು ಅತ್ತೆ ಪರಸವ್ವನ ದನಿ.

“ನಂಗೂ ಅದ ಸಂಶೆ ಇತ್ತು ನೋಡೋ ಶಿವಾ. ಆಕಿ ವಿಮಾ ಕಂಪನ್ಯಾಗ ನೌಕರಿ ಮಾಡಾಕಿ. ನಮ್ಮ ಮನಿ ರೈಲು ಆಕಿ ಕಣ್ಣಿಗೆ ಗಿರಾಕಿ ಹಂಗ ಕಾಣಾಕತ್ತೈತಿ!”

ವಿಜಯಪುರದ ಇಬ್ರಾಹಿಂಪುರದಲ್ಲಿ, ರೈಲ್ವೆ ಹಳಿಗೆ ಹತ್ತಿರದ ಆ ಮನೆಯಲ್ಲಿ ಜಗಳಕ್ಕೆ ಕಾರಣವಾದದ್ದು ಒಂದು ಆಟಿಕೆ. ಆಟಿಕೆಯೆಂದರೆ ಸಾಮಾನ್ಯ ಆಟಿಕೆಯಲ್ಲ! ಹಸಿರು ಬಣ್ಣದ ತಗಡಿನ ಎಂಜಿನ್ನು, ಅದರ ಹಿಂದೆ ಕಲ್ಲಿದ್ದಲಿನ ಡಬ್ಬಿ, ಬಾಗಿಲು ತೆರೆದು ಮುಚ್ಚಬಹುದಾದ ಕೆಂಪು ಬೋಗಿಗಳು, ದುಂಡಗೆ ಜೋಡಿಸುವ ತಗಡಿನ ಹಳಿ, ಕೀಲಿ ಕೊಡಲು ಒಂದು ಹಿತ್ತಾಳೆಯ ಚಾವಿ. ಪರಸವ್ವನ ಮಾವ ರೈಲ್ವೆ ಸಾಹೇಬರೊಬ್ಬರ ಬಂಗಲೆಯಲ್ಲಿ ತೋಟದ ಕೆಲಸಕ್ಕಿದ್ದ. ಸಾಹೇಬರು ತಮ್ಮ ದೇಶಕ್ಕೆ ಹೊರಟಾಗ, ಅವರ ಮಡದಿ ತೋಟಗಾರನ ಪುಟ್ಟ ಮಗ ರಾಜಾರಾಮನ ಕೈಗೆ ಅದನ್ನಿಟ್ಟು ಹೋಗಿದ್ದಳು. ಆ ರಾಜಾರಾಮ ದೊಡ್ಡವನಾಗಿ ರೈಲ್ವೆಯಲ್ಲೇ ನೌಕರಿ ಹಿಡಿದ, ಪರಸವ್ವನ ಕೈಹಿಡಿದ, ಎರಡು ಗಂಡುಮಕ್ಕಳ ತಂದೆಯಾದ. ಆದರೆ ರೈಲನ್ನು ಮಾತ್ರ ಯಾರಿಗೂ ಮುಟ್ಟಗೊಡಲಿಲ್ಲ. ಆಗಾಗ ಕಪಾಟಿನಿಂದ ಹೊರತೆಗೆದು, ಮೆತ್ತನೆಯ ಬಟ್ಟೆಯಿಂದ ಒರೆಸಿ, ಮತ್ತೆ ಒಳಗಿಟ್ಟು ಬೀಗ ಹಾಕುತ್ತಿದ್ದ. ಮಕ್ಕಳು ದೂರ ಕೂತು ಬಾಯಿ ತೆರೆದು ನೋಡುವುದಷ್ಟೇ!

ರಾಜಾರಾಮ ತೀರಿಕೊಂಡು ಮೂರು ವರ್ಷ. ರೈಲು ಯಾರಿಗೆ ಎಂಬ ಪ್ರಶ್ನೆ ಅವನ ವರ್ಷಾಂತಿಕದಂದೇ ಎದ್ದಿತ್ತು. “ಹಿರೇ ಮಗ ನಾನು” ಎಂದ ಅಂಬಾದಾಸ. “ಅಪ್ಪಗ ಪ್ರೀತಿ ಇದ್ದದ್ದು ನನ್ನ ಮ್ಯಾಲ” ಎಂದ ತಿಕೋಟಾದಲ್ಲಿ ಮಣೂಕದ, ಅಂದರೆ ಒಣದ್ರಾಕ್ಷಿಯ ವ್ಯಾಪಾರ ಮಾಡುವ ಶಿವಾಜಿ. ಒಂದೇ ಬಟ್ಟಲಲ್ಲಿ ಉಂಡು ಬೆಳೆದ ಅಣ್ಣತಮ್ಮಂದಿರು ಹಬ್ಬಕ್ಕೂ ಒಬ್ಬರನ್ನೊಬ್ಬರು ಕರೆಯುವುದನ್ನು ಬಿಟ್ಟರು. ಪರಸವ್ವ ನೋಡಿ ನೋಡಿ ಬೇಸತ್ತು ಒಂದು ದಿನ ತೀರ್ಪು ಕೊಟ್ಟಳು: “ಇಬ್ಬರಿಗೂ ಇಲ್ಲ. ಮಾರಿ, ಬಂದ ರೊಕ್ಕ ಸಮಾ ಹಂಚತೇನಿ.” ಧಾರವಾಡದ ಹಾಸ್ಟೆಲ್ಲಿನಲ್ಲಿ ಓದುತ್ತಿದ್ದ ಮೊಮ್ಮಗಳು ಸಂಘಮಿತ್ರಾ ರೈಲಿನ ಫೋಟೊಗಳನ್ನು ಇಂಟರ್‌ನೆಟ್ಟಿನಲ್ಲಿ ಹಾಕಿದಳು. ಮೈಸೂರಿನಲ್ಲಿ ಹಳೆಯ ಆಟಿಕೆಗಳ ಸಂಗ್ರಹಾಲಯ ಮಾಡಿದ್ದ ಅರುಣಕುಮಾರ ಎಂಬ ನಿವೃತ್ತ ಎಂಜಿನಿಯರರು ನೋಡಿ, ಮನೆಗೇ ಬಂದು, ಕೈಯಲ್ಲಿ ಹಿಡಿದು, ಹದಿನಾಲ್ಕು ಲಕ್ಷಕ್ಕೆ ಮಾತು ಮುಗಿಸಿ ಹೋದರು. ರೈಲು ಸುರಕ್ಷಿತವಾಗಿ ಅವರ ಮನೆ ಸೇರಿದ ಮೇಲೆ ಪೂರ್ತಿ ಹಣ. ದಾರಿಯಲ್ಲಿ ಏನಾದರೂ ಆದರೆ? ಅದರ ಹೊಣೆ ಕಳಿಸುವವರದು!

ಅದಕ್ಕೇ ವಿಶಾಖಾ ವಿಮೆಯ ಮಾತೆತ್ತಿದ್ದು. ಅದೇ ಈಗ ಅವಳಿಗೆ ಮುಳುವಾಗಿತ್ತು.

ಹಿಟ್ಟಿನ ಕೈ ತೊಳೆದುಕೊಂಡು ಅವಳು ಪಡಸಾಲೆಗೆ ಬಂದಳು. “ಅತ್ತೀ, ನಾ ಪಗಾರದಾಕಿ. ನಂಗ ಕಮಿಷನ್ ಅಂತ ಒಂದು ಪೈಸಾನೂ ಬರೂದಿಲ್ರಿ. ಸಂಶೆ ಇದ್ರ ನಮ್ಮ ಕಂಪನಿ ಬಿಡ್ರಿ, ಬ್ಯಾರೆ ಕಂಪನ್ಯಾಗ ಮಾಡಸ್ರಿ. ಆದ್ರ ವಿಮಾ ಇಲ್ಲದ ಮಾತ್ರ ಕಳಸಬ್ಯಾಡ್ರಿ. ಪಾರ್ಸಲ್ ಕಳದ್ರ, ಜಜ್ಜಿ ಹೋದ್ರ, ಪಾರ್ಸಲ್‌ನವರು ರಸೀದಿ ಹಿಂದ ಬರದಷ್ಟು ಚಿಲ್ಲರೆ ಕೊಟ್ಟು ಕೈ ತೊಳಕೋತಾರ್ರಿ...”

“ನಾ ವರ್ಷಾ ವರ್ಷಾ ಲಾರಿಗಟ್ಲೆ ಮಣೂಕ ಕಳಸತೇನ್ರಿ ವೈನಿ,” ಎಂದು ಶಿವಾಜಿ ನಕ್ಕ. “ಒಂದು ಪೆಟ್ಟಿಗಿ ಕಳದಿಲ್ಲ. ಒಂದು ರೈಲು ಕಳಸಾಕ ಬರೂದಿಲ್ಲೇನ್ರಿ ನನಗ?”

“ಮಣೂಕ ಜಜ್ಜಿದ್ರ ಮಣೂಕನ ಇರತಾವ ಶಿವಾಜಿ. ಇದು ಜಜ್ಜಿದ್ರ ತಗಡ ಆಗತೈತಿ!”

ಆ ಮಾತು ಪರಸವ್ವನಿಗೆ ಎಲ್ಲಿ ತಾಕಿತೋ! ಅವಳು ಎದ್ದೇ ನಿಂತಳು. “ತಗಡಂತೀ ಏನ? ನನ್ನ ಗಂಡನ ಜೀವಾ ಇತ್ತು ಅದರಾಗ! ಕೇಳಿಲ್ಲೆ ವಿಶಾಖಾ, ನೀ ಈ ಮನಿ ಮಗಳಲ್ಲ. ರೈಲು ನಿಮ್ಮಪ್ಪಂದಲ್ಲ. ಇನ್ನೊಮ್ಮೆ ಅದರ ಸುದ್ದಿ ತಗದೀ ಅಂದ್ರ ನಿನ್ನ ತವರಮನಿ ಬಬಲೇಶ್ವರದ ಬಸ್ ಹತ್ತು!”

ವಿಶಾಖಾಳ ಕಣ್ಣು ತುಂಬಿ ಬಂದವು. ಇಪ್ಪತ್ತು ವರ್ಷ ಈ ಮನೆಯ ರೊಟ್ಟಿ ಬಡಿದ ಕೈಗಳಿವು... ಮಾವನ ಕೊನೆಯ ದಿನಗಳಲ್ಲಿ ಚಮಚೆಯಿಂದ ಗಂಜಿ ಕುಡಿಸಿದ ಕೈಗಳಿವು... ಇಷ್ಟಾದರೂ ಅವಳು ಈ ಮನೆಯ ಮಗಳಲ್ಲ! ಗಂಡನ ಮುಖ ನೋಡಿದಳು. ಅಂಬಾದಾಸ ನೆಲ ನೋಡುತ್ತಿದ್ದ.

“ಹತ್ತತೇನ್ರಿ,” ಎಂದಷ್ಟೇ ಹೇಳಿ ಅವಳು ಚೀಲಕ್ಕೆ ಎರಡು ಸೀರೆ ತುರುಕಿಕೊಂಡು ಹೊರಟೇಹೋದಳು.

ಮರುದಿನ ಬೆಳಿಗ್ಗೆಯೇ ಶಿವಾಜಿ ತಿಕೋಟಾದಿಂದ ಒಂದು ರಟ್ಟಿನ ಪೆಟ್ಟಿಗೆ ತಂದ. ಮೇಲೆ ದ್ರಾಕ್ಷಿ ಗೊಂಚಲಿನ ಚಿತ್ರ, ಒಳಗೆ ಒಣದ್ರಾಕ್ಷಿಯ ಸಿಹಿ ವಾಸನೆ. ಎಂಜಿನ್ನು, ಬೋಗಿ, ಹಳಿ ಎಲ್ಲವನ್ನೂ ಹಳೆಯ ಪೇಪರಿನಲ್ಲಿ ಸುತ್ತಿ ಒಂದರ ಮೇಲೊಂದು ಇಟ್ಟು, ಸುತ್ತಲೂ ಟೇಪು ಬಿಗಿದ. “ಮುಗೀತು ನೋಡ ಯವ್ವಾ! ಟ್ರಾವೆಲ್ಸ್ ಬಸ್ಸಿನ್ಯಾಗ ಇಟ್ರ ನಾಳೆ ಮುಂಜಾನಿ ಮೈಸೂರು.” ಪರಸವ್ವ ತಾನೂ ಬರುತ್ತೇನೆಂದು ಹಟ ಹಿಡಿದು ಆಟೋ ಹತ್ತಿದಳು. ದಾರಿಯುದ್ದಕ್ಕೂ ಪೆಟ್ಟಿಗೆ ಅವಳ ತೊಡೆಯ ಮೇಲಿತ್ತು. ರೈಲ್ವೆ ಗೇಟ್ ದಾಟುವಾಗ ಆಟೋ ಕುಪ್ಪಳಿಸಿದ್ದಕ್ಕೆ ಚಾಲಕನಿಗೆ ಅವಳು ಕೊಟ್ಟ ಬೈಗುಳ ಕೇಳಿ ಹಿಂದಿನ ಸ್ಕೂಟರಿನವನೂ ಬ್ರೇಕ್ ಹಾಕಿದ!

ಪಾರ್ಸಲ್ ಕಚೇರಿಯ ಮುಂದೆ ಬಸ್ಸೊಂದಕ್ಕೆ ಮಾಲು ಏರುತ್ತಿತ್ತು. ಕೆಳಗಿದ್ದವನು ಎಸೆಯುತ್ತಿದ್ದ, ಮೇಲಿದ್ದವನು ಹಿಡಿಯುತ್ತಿದ್ದ. ಎಲ್ಲವನ್ನೂ ಹಿಡಿಯುತ್ತಿರಲಿಲ್ಲ. ಪರಸವ್ವನ ಕಣ್ಣೆದುರಿಗೇ ಒಂದು ಮಿಕ್ಸರಿನ ಡಬ್ಬಿ ನೆಲಕ್ಕೆ ಬಿದ್ದು ಒಳಗೆ ಏನೋ ಕಟಕಟ ಎಂದಿತು. “ಏನೂ ಆಗಿಲ್ಲ, ಏನೂ ಆಗಿಲ್ಲ” ಎನ್ನುತ್ತ ಅವನು ಅದನ್ನೂ ಮೇಲಕ್ಕೆಸೆದ.

ಶಿವಾಜಿ ಗುಮಾಸ್ತನಿಗೆ ಹೆಸರು ಬರೆಸುತ್ತಿದ್ದ. “ಒಳಗ ಏನೈತ್ರಿ?” ಎಂದು ಗುಮಾಸ್ತ ಕೇಳಿದ.

“ಆಟಿಗಿ ಸಾಮಾನ.”

“ಹಂಗಾರ ಇನ್ನೂರು ರೂಪಾಯಿ ಮಾಲು ಅಂತ ಬರೀತೇನಿ. ಅಲ್ಲಿ ಕೆಳಗ ಇಡ್ರಿ, ಸಿಮೆಂಟ್ ಚೀಲದ ಬಾಜೂಕ.”

ಇನ್ನೂರು ರೂಪಾಯಿ! ಶಿವಾಜಿ ಪೆಟ್ಟಿಗೆ ತೆಗೆದುಕೊಳ್ಳಲು ಬಂದರೆ ಪರಸವ್ವ ಕೊಡಲೊಲ್ಲಳು. ಪೆಟ್ಟಿಗೆಯನ್ನು ಎದೆಗವಚಿಕೊಂಡು ಕಚೇರಿಯ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಮಾಲು ಹೊರುವವರು ಅವಳನ್ನು ಸುತ್ತಿಕೊಂಡು ಹೋಗಬೇಕಾಯಿತು.

“ಯವ್ವಾ, ಏಳ ಬೇ! ಬಸ್ ಹೊಂಟೈತಿ!”

“ಹೋಗಲಿ!”

“ಮಂದಿ ನೋಡಾಕತ್ತಾರ...”

“ನೋಡ್ಲಿ! ನಿಮ್ಮಪ್ಪ ಇದನ್ನ ಎತ್ತಬೇಕಾದ್ರ ಉಸರ ಹಿಡದು ಎತ್ತತಿದ್ದಾ. ಈ ಮಂದಿ ಕೈಯಾಗ ಕೊಡಲೇನ್ಲೇ? ಫೋನ್ ಹಚ್ಚು.”

“ಯಾರಿಗೆ?”

ಹೆಸರು ಹೇಳುವುದು ಎಷ್ಟು ಕಷ್ಟ! ಕೊನೆಗೆ ಪರಸವ್ವ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ಅಂದಳು: “ಬಬಲೇಶ್ವರಕ್ಕ ಹಚ್ಚು.”

ವಿಶಾಖಾ ಫೋನ್ ಎತ್ತಿದಾಗ ಅತ್ತ ಕಡೆಯಿಂದ ನಮಸ್ಕಾರವೂ ಇಲ್ಲ, ಕ್ಷಮೆಯೂ ಇಲ್ಲ. “ನೀ ಬರೂತನಕ ನಾ ಇಲ್ಲಿಂದ ಏಳೂದಿಲ್ಲ. ಬಿಸಲ ಭಾಳ ಐತಿ. ಲಗೂನ ಬಾ,” ಎಂದಷ್ಟೇ ಹೇಳಿ ಪರಸವ್ವ ಫೋನನ್ನು ಮಗನ ಕೈಗಿತ್ತಳು.

ವಿಶಾಖಾಳಿಗೆ ನಗು ಬಂತೋ ಅಳು ಬಂತೋ ತಿಳಿಯಲಿಲ್ಲ. ತವರಿನವರು “ಹೋಗಬ್ಯಾಡ, ಅವರ ಬಂದು ಕರೀಲಿ” ಎಂದರು. ಆದರೆ ಅವಳ ಕಣ್ಣಿಗೆ ಕಂಡದ್ದು ಬಿಸಿಲಲ್ಲಿ ಪೆಟ್ಟಿಗೆ ಅವಚಿ ಕುಳಿತ ಮುದುಕಿ. ಚೀಲ ಹಿಡಿದು ಮೊದಲ ಬಸ್ಸಿಗೇ ಹೊರಟಳು. ಅವಳು ಬಂದು ನೋಡಿದರೆ ಬಸ್ಸು ಯಾವಾಗಲೋ ಹೋಗಿತ್ತು. ಯಾರೋ ಕೊಟ್ಟ ಛತ್ರಿಯ ಕೆಳಗೆ ಪರಸವ್ವ ಪೆಟ್ಟಿಗೆಯೊಂದಿಗೆ ಕುಳಿತೇ ಇದ್ದಳು. ಪಕ್ಕದಲ್ಲಿ ಶಿವಾಜಿ ಕಬ್ಬಿನ ಹಾಲಿನ ಗ್ಲಾಸು ಹಿಡಿದು ನಿಂತಿದ್ದ. ಸೊಸೆಯನ್ನು ಕಂಡು ಮುದುಕಿ ಎದ್ದಳು. ಪೆಟ್ಟಿಗೆಯನ್ನು ಅವಳ ಕೈಯಲ್ಲಿಟ್ಟಳು. ವಿಶಾಖಾ ಅದನ್ನು ಎರಡೂ ಕೈಯಿಂದ ತೆಗೆದುಕೊಂಡಳು.

ಮನೆಗೆ ಬಂದು ಟೇಪು ಬಿಚ್ಚಿದಾಗ ಶಿವಾಜಿಯ ಮುಖ ಇಂಗು ತಿಂದಂತಾಯಿತು. ಒಣದ್ರಾಕ್ಷಿಯ ಸಿಹಿಗೆ ಎಲ್ಲಿಂದಲೋ ಇರುವೆ ಹತ್ತಿ, ಬೋಗಿಯ ಬಾಗಿಲುಗಳಿಂದ ಪ್ರಯಾಣಿಕರಂತೆ ಸಾಲಾಗಿ ಇಳಿಯುತ್ತಿದ್ದವು! ಪರಸವ್ವ ಮೊದಲು ಹೌಹಾರಿ, ಆಮೇಲೆ ಮಗನ ಮುಖ ನೋಡಿ ನಗತೊಡಗಿದಳು. “ಟಿಕೀಟ್ ಕೇಳೋ ಶಿವಾ, ಟಿಕೀಟ್!”

ಎರಡು ದಿನ ಬಿಟ್ಟು ಶಬನಮ ಬಂದಳು. ವಿಶಾಖಾಳ ಗೆಳತಿ, ಆದರೆ ಬೇರೆ ವಿಮಾ ಕಂಪನಿಯವಳು. “ನನ್ನ ಕಂಪನಿ ಬ್ಯಾಡ” ಎಂಬ ತನ್ನ ಮಾತಿಗೆ ವಿಶಾಖಾ ಗಟ್ಟಿಯಾಗಿ ನಿಂತಿದ್ದಳು. ಅರುಣಕುಮಾರರ ಖರೀದಿ ಪತ್ರ, ಹಳೆಯ ಆಟಿಕೆಗಳ ಬೆಲೆ ಕಟ್ಟುವ ಮುಂಬೈನ ಒಬ್ಬರು ಫೋಟೊ ನೋಡಿ ಬರೆದುಕೊಟ್ಟ ವರದಿ, ಎಲ್ಲ ಸಿದ್ಧವಿತ್ತು. ಶಬನಮ ಒಂದೊಂದು ಬೋಗಿಯನ್ನೂ ನಾಲ್ಕೂ ಕಡೆಯಿಂದ ಫೋಟೊ ತೆಗೆದಳು. ಬಣ್ಣ ಎದ್ದ ಜಾಗ, ತುಕ್ಕಿನ ಚುಕ್ಕೆ ಒಂದನ್ನೂ ಬಿಡಲಿಲ್ಲ. ಇದ್ದ ಊನ ಮುಚ್ಚಿಟ್ಟರೆ ನಾಳೆ ಪರಿಹಾರ ಕೇಳುವಾಗ ನಮಗೇ ತೊಂದರೆ ಎಂದು ತಿಳಿಸಿ ಹೇಳಿದಳು. ಆಮೇಲೆ ರೂಢಿಯಂತೆ ಕೇಳಿದಳು.

“ಅವ್ವಾರ, ಮಾಲು ನಿಮ್ಮ ಹೆಸರಿಲೆ ಐತಿ. ಇದರ ಬೆಲಿ ಎಷ್ಟಂತ ಬರೀಲ್ರಿ?”

ಅಷ್ಟು ಹೊತ್ತು ಲವಲವಿಕೆಯಿಂದ ಇದ್ದ ಪರಸವ್ವನ ಮುಖ ಒಮ್ಮೆಲೇ ಬಾಡಿತು.

“ಬೆಲಿ?... ಏನ್ ಹೇಳಲಿ ತಂಗಿ! ಲಗ್ನಾಗಿ ಬಂದ ವರ್ಷ ನಾ ಚಹಾ ಮಾಡಿ ಒಯ್ದಿಟ್ರ ಅವರು ಈ ರೈಲು ಒರಸಿಕೋತ ಕುಂತಿರತಿದ್ರು. ಚಹಾ ಆರಿ ಹೋಗತಿತ್ತು. ನನ್ನ ಕಡೆ ತಿರಗಿ ನೋಡತಿರಲಿಲ್ಲ. ಇದು ನನ್ನ ಸವತಿ ಅಂತ ತಿಳಕೊಂಡಿದ್ದೆ! ಮಕ್ಕಳ ಕೈಗೂ ಕೊಡಲಿಲ್ಲ, ನನಗೂ ಒಂದು ದಿನ ಹಿಡಕೋ ಅನ್ನಲಿಲ್ಲ. ಕಡೀಕ, ಮುಪ್ಪಿನಾಗ ಕೈ ನಡುಗಾಕತ್ತಿಂದ, ಯಾರನ್ನ ಕರದ್ರು ಗೊತ್ತೇನ? ಈಕಿನ್ನ! ‘ವಿಶಾಖಾ, ನೀ ಒರಸವಾ’ ಅಂದ್ರು. ಹೊಟ್ಟಿ ಉರೀತು ನಂದು... ಈಕಿ ಮ್ಯಾಲ ಮಾತು ಮಾತಿಗೆ ಹಾರಿಬೀಳತೇನಲ್ಲಾ, ಇದಕ್ಕ!” ಎಂದವಳೇ ಸೆರಗಿನಿಂದ ಮುಖ ಮುಚ್ಚಿಕೊಂಡಳು. “ಬರಕೋ, ಅದರ ಬೆಲಿ ಎಷ್ಟಾತು!”

ಶಬನಮ ಪೆನ್ನು ಕೆಳಗಿಟ್ಟು ಮೆಲ್ಲಗೆ ಹೇಳಿದಳು. “ಅದನ್ನ ಯಾವ ಕಂಪನೀನೂ ತುಂಬಿಕೊಡೂದಿಲ್ರಿ ಅವ್ವಾರ. ಒಡದ್ರ ಕೊಳ್ಳಾವರು ಕೊಡೂ ರೊಕ್ಕ ಬರತೈತಿ, ಅಷ್ಟ. ಉಳದದ್ದು ನಿಮ್ಮ ಮನ್ಯಾಗ ಇರತೈತಿ.”

ವಿಶಾಖಾ ಅತ್ತೆಯ ಪಕ್ಕ ಕೂತು ಅವಳ ಕೈ ಹಿಡಿದಳು. ಬಿಡಿಸಿಕೊಳ್ಳಬಹುದಾಗಿದ್ದರೂ ಪರಸವ್ವ ಬಿಡಿಸಿಕೊಳ್ಳಲಿಲ್ಲ. ಅಂಬಾದಾಸನಿಗೆ ಏನನ್ನಿಸಿತೋ, ಇಷ್ಟು ದಿನ ನೆಲ ನೋಡುತ್ತಿದ್ದವನು ತಲೆಯೆತ್ತಿದ. “ಯವ್ವಾ, ತಪ್ಪು ನಂದೂ ಐತಿ. ಅವತ್ತ ನಾ ಬಾಯಿ ಬಿಡಬೇಕಿತ್ತು. ಹೆಂಡತಿ ಬಸ್ ಹತ್ತಿ ಹೋದ್ರೂ ಸುಮ್ಮ ಕುಂತೆ,” ಎಂದ. ಶಿವಾಜಿ ಅಣ್ಣನ ಮುಖ ನೋಡಿ, “ಕಮಿಷನ್ ಅಂದಾವ ನಾ ಅಲ್ಲೇನ? ವೈನಿ, ಬೈರಿ ನನಗ, ಹೊಟ್ಟಿ ತುಂಬ ಬೈರಿ!” ಎಂದು ಕೈ ಮುಗಿದ.

“ಬೈಗುಳ ಆಮ್ಯಾಲ,” ಎಂದಳು ಶಬನಮ ನಗುತ್ತ. “ಇದು ಓಡತೈತೋ ಇಲ್ಲೋ ನಾ ವಿಡಿಯೋ ಮಾಡಬೇಕು. ಓಡಸ್ರಿ.”

ಓಡಿಸುವುದು! ಅಣ್ಣತಮ್ಮಂದಿರು ಒಬ್ಬರ ಮುಖ ಒಬ್ಬರು ನೋಡಿದರು. ಆ ಮನೆಯಲ್ಲಿ ಆ ರೈಲು ಓಡಿದ್ದನ್ನು ಕಂಡವರೇ ಇರಲಿಲ್ಲ. ಕೀಲಿ ಕೊಟ್ಟರೆ ಸ್ಪ್ರಿಂಗು ಕಡಿದೀತೆಂದು ರಾಜಾರಾಮನಿಗೆ ಭಯ. ಎಲ್ಲರೂ ಪರಸವ್ವನ ಕಡೆ ತಿರುಗಿದರು. ಅವಳು ಹಿತ್ತಾಳೆಯ ಚಾವಿಯನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು. ಆಮೇಲೆ ಅದನ್ನು ಸೊಸೆಗೆ ಕೊಟ್ಟಳು. “ಹೆಂಗ ತಿರುವೂದಂತ ನಿನಗ ಹೇಳಿರಬೇಕು ಅವರು.”

“ಹೂಂನ್ರಿ. ಅರ್ಧಕ್ಕ ನಿಲ್ಲಸಬೇಕು ಅಂದಿದ್ರು.”

ಬುದ್ಧನ ಫೋಟೊದ ಕೆಳಗೆ, ನೆಲದ ಮೇಲೆ ತಗಡಿನ ಹಳಿ ದುಂಡಗೆ ಕೂಡಿಕೊಂಡಿತು. ವಿಶಾಖಾ ಉಸಿರು ಬಿಗಿಹಿಡಿದು ಕೀಲಿ ತಿರುವಿ ಕೈಬಿಟ್ಟಳು. ಒಂದು ಕ್ಷಣ ಏನೂ ಇಲ್ಲ. ಆಮೇಲೆ... ಕಿರ್ರ್ ಎಂದಿತು, ಅಲುಗಿತು, ಹೊರಟಿತು! ಹಸಿರು ಎಂಜಿನ್ನು ಕೆಂಪು ಬೋಗಿಗಳನ್ನು ಎಳೆದುಕೊಂಡು ಚಟಚಟ ಸದ್ದು ಮಾಡುತ್ತ ಹಳಿಯ ಸುತ್ತ ಓಡತೊಡಗಿತು. “ಓಡಾಕತ್ತೈತಿ! ಓಡಾಕತ್ತೈತಿ!” ಎಂದು ಚಪ್ಪಾಳೆ ತಟ್ಟಿದವರು ಯಾರು? ನಲವತ್ತು ದಾಟಿದ, ತಲೆ ನೆರೆಯತೊಡಗಿದ ಇಬ್ಬರು ಗಂಡಸರು! ಅಂಬಾದಾಸ ಬೋರಲು ಮಲಗಿ ಗಲ್ಲವನ್ನು ನೆಲಕ್ಕಿಟ್ಟು ಎಂಜಿನ್ನು ತನ್ನ ಕಣ್ಣ ಮುಂದೆ ಬರುವುದನ್ನು ನೋಡಿದ. ಶಿವಾಜಿ ಇನ್ನೊಂದು ಬದಿಗೆ ಮಲಗಿ ಸೀಟಿ ಊದಿದ. “ಅಣ್ಣಾ, ಈಗ ನನ್ನ ಪಾಳಿ!” “ನಿಂದರಲೇ, ಇನ್ನೂ ನಂದು ಮುಗದಿಲ್ಲ!” ಮಾತು ಬಿಟ್ಟಿದ್ದ ಅಣ್ಣತಮ್ಮಂದಿರ ನಡುವೆ ಚಾವಿ ಆಚೆ ಈಚೆ ಓಡಾಡಿತು. ಪರಸವ್ವ ನಗುತ್ತಿದ್ದಳು, ನಗುತ್ತಲೇ ಅಳುತ್ತಿದ್ದಳು. “ನೋಡ್ರಿ... ನಿಮ್ಮ ಮಕ್ಕಳು ಆಡಾಕತ್ತಾರ, ನೋಡ್ರಿ...” ಎಂದು ಗಂಡನಿಗೆ ಹೇಳುತ್ತಿದ್ದಳು. ವಿಡಿಯೋ ಎಷ್ಟೋ ಹೊತ್ತಿನ ಹಿಂದೆಯೇ ಮುಗಿದಿತ್ತು. ಶಬನಮ ಫೋನು ಒಳಗಿಟ್ಟು ತಾನೂ ನೆಲದ ಮೇಲೆ ಕೂತುಬಿಟ್ಟಿದ್ದಳು.

ಕಟ್ಟುವ ಕೆಲಸ ಮಾತ್ರ ವಿಶಾಖಾ ಹೇಳಿದಂತೆಯೇ ನಡೆಯಿತು. ಗುಳ್ಳೆ ಪ್ಲಾಸ್ಟಿಕ್ಕು ಸೆಕೆಗೆ ಹಳೆಯ ಬಣ್ಣಕ್ಕೆ ಅಂಟಿಕೊಳ್ಳುತ್ತದೆಂದು ಮೊದಲು ಮೆತ್ತನೆಯ ಬಿಳಿ ಕಾಗದ, ಅದರ ಮೇಲೆ ಗುಳ್ಳೆ ಪ್ಲಾಸ್ಟಿಕ್ಕು. ಒಂದೊಂದು ಬೋಗಿಗೂ ಫೋಮಿನಲ್ಲಿ ಬೇರೆ ಬೇರೆ ಗೂಡು. ಚಾವಿ ತಾಗಿ ಗೀರು ಬೀಳದಂತೆ ಅದಕ್ಕೆ ಪ್ರತ್ಯೇಕ ಚೀಲ. ಆ ಪೆಟ್ಟಿಗೆಯನ್ನು ಇನ್ನೊಂದು ದೊಡ್ಡ ಪೆಟ್ಟಿಗೆಯೊಳಗಿಟ್ಟು, ಸುತ್ತಲೂ ಅಂಗೈ ಅಗಲ ಫೋಮು. ಶಿವಾಜಿ ಪೆಟ್ಟಿಗೆಯನ್ನು ಕಿವಿಗೆ ಹತ್ತಿರ ಹಿಡಿದು ಅಲುಗಿಸಿ ನೋಡಿದ, ಒಳಗೆ ಚಕಾರವಿಲ್ಲ. ಮೇಲೆ “ಹದಿನಾಲ್ಕು ಲಕ್ಷದ ಮಾಲು, ಹುಷಾರು” ಎಂದು ದಪ್ಪ ಅಕ್ಷರದಲ್ಲಿ ಬರೆಯೋಣವೆಂದು ಪರಸವ್ವ ಅಂದಾಗ ವಿಶಾಖಾ ಗಾಬರಿಯಾದಳು. “ಹಂಗ ಬರದ್ರ ಕಳ್ಳಗ ನಾವ ವಿಳಾಸ ಕೊಟ್ಟಂಗ ಆಗತೈತ್ರಿ ಅತ್ತೀ!” ಬೆಲೆಬಾಳುವ ಮಾಲನ್ನಷ್ಟೇ ಸಾಗಿಸುವ ಸಂಸ್ಥೆಯೊಂದರವರು ಮನೆಗೇ ಬಂದು, ಸಹಿ ಮಾಡಿ ಒಯ್ದರು.

ಆಮೇಲೆ ಶುರುವಾಯಿತು ಕಾಯುವಿಕೆ! ಪೆಟ್ಟಿಗೆ ಎಲ್ಲಿದೆಯೆಂದು ಫೋನಿನಲ್ಲೇ ತಿಳಿಯುತ್ತಿತ್ತು. ಪರಸವ್ವ ತಾಸಿಗೊಮ್ಮೆ “ಎಲ್ಲಿ ಮುಟ್ಟೇತಿ?” ಎನ್ನುತ್ತಿದ್ದಳು. ಹುಬ್ಬಳ್ಳಿಯಲ್ಲಿ ಅದು ಒಂದು ಹಗಲೆಲ್ಲ ನಿಂತಾಗ ಅವಳು ಊಟ ಮಾಡಲಿಲ್ಲ. ಕೊನೆಗೊಂದು ಮಧ್ಯಾಹ್ನ ಅರುಣಕುಮಾರರಿಂದ ವಿಡಿಯೋ ಕರೆ ಬಂತು. ಶಿವಾಜಿಯೂ ತಿಕೋಟಾದಿಂದ ಬಂದಿದ್ದ. ಫೋನಿನಲ್ಲಿ ಕಂಡದ್ದನ್ನು ನೋಡಿ ಎಲ್ಲರ ಜೀವ ಬಾಯಿಗೆ ಬಂತು. ಪೆಟ್ಟಿಗೆಯ ಒಂದು ಮೂಲೆ ಪೂರ್ತಿ ಒಳಕ್ಕೆ ಕುಸಿದಿತ್ತು!

“ಗಾಬರಿಯಾಗಬೇಡಿ ತಾಯಿ, ತೆರೆದು ನೋಡೋಣ,” ಎಂದರು ಅರುಣಕುಮಾರರು. ಹೊರಗಿನ ಪೆಟ್ಟಿಗೆ ಬಿಚ್ಚಿದರು. ಆ ಮೂಲೆಯ ಫೋಮು ಅಪ್ಪಚ್ಚಿಯಾಗಿತ್ತು. ಒಳಗಿನ ಪೆಟ್ಟಿಗೆ... ನೆಟ್ಟಗಿತ್ತು! ಎಂಜಿನ್ನು ಹೊರಬಂತು. ಒಂದೊಂದೇ ಬೋಗಿ ಹೊರಬಂತು. ಅವರು ಕನ್ನಡಕ ಏರಿಸಿ, ಫೋಟೊಗಳ ಜೊತೆ ಹೋಲಿಸಿ ನೋಡಿ, “ಒಂದು ಗೀರೂ ಇಲ್ಲ!” ಎಂದರು.

ಶಿವಾಜಿ ಗೋಡೆಗೊರಗಿ ಕೂತ. “ನನ್ನ ಪೆಟ್ಟಿಗ್ಯಾಗ ಇದ್ದಿದ್ರ...” ಎಂದ. ಆಮೇಲೆ ಸಾವರಿಸಿಕೊಂಡು, “ಆದ್ರೂ ಪ್ರೀಮಿಯಂ ದಂಡ ಆತು ನೋಡ್ರಿ ವೈನಿ, ಏನೂ ಒಡೀಲಿಲ್ಲ!” ಎಂದ.

“ಒಡೀಲಿಲ್ಲಂತ ಅಳತೀ ಏನ್ಲೇ ಭಾಡ್ಯಾ!” ಎಂದು ಪರಸವ್ವ ಅವನ ಬೆನ್ನಿಗೊಂದು ಗುದ್ದಿದಳು. ಮನೆಯೆಲ್ಲ ನಗು.

ಆ ನಗುವಿನ ನಡುವೆ ಅವಳು ಎದ್ದು ಒಳಗೆ ಹೋದದ್ದನ್ನು ಕಂಡವಳು ವಿಶಾಖಾ ಒಬ್ಬಳೇ. ಹಿಂದೆಯೇ ಹೋಗಿ ನೋಡಿದರೆ ಅಡುಗೆಮನೆಯ ಕಿಟಕಿಯ ಬಳಿ ಪರಸವ್ವನ ಬೆನ್ನು ಅಲುಗುತ್ತಿತ್ತು.

“ಹೋತಲ್ಲ ಬೇ... ಅವರದು ಅಂತ ಇದ್ದದ್ದು ಅದೊಂದ...”

“ಅತ್ತೀ, ಇನ್ನೂ ರೊಕ್ಕ ಬಂದಿಲ್ಲ. ಬ್ಯಾಡ ಅಂದ್ರ ಈಗ ಫೋನ್ ಮಾಡಿ ಹೇಳತೇನ್ರಿ. ಹೆಂಗ ಹೋಗೇತಿ ಹಂಗ ವಾಪಸ್ ತರಸೂಣು. ಯಾರು ಏನಂದ್ರೂ ನಾ ನೋಡ್ಕೋತೇನಿ.”

ಪರಸವ್ವ ತಿರುಗಿ ಸೊಸೆಯನ್ನು ದಿಟ್ಟಿಸಿದಳು. ತನಗಾಗಿ ಮೈಸೂರಿನವರೊಡನೆ, ಗಂಡನೊಡನೆ, ಮೈದುನನೊಡನೆ ಎಲ್ಲರೊಡನೆ ಜಗಳಕ್ಕೆ ನಿಲ್ಲುವ ಮುಖ ಅದು. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಅದೇ ಸೆರಗಿನಿಂದ ಸೊಸೆಯ ಹಣೆಯ ಬೆವರನ್ನೂ ಒರೆಸಿದಳು.

“ಬ್ಯಾಡ. ಇಲ್ಲಿ ಕಪಾಟಿನ್ಯಾಗ ನಿಂತಿತ್ತು. ಅಲ್ಲಿ ಸಾಲಿ ಹುಡುಗರು ನೋಡಾಕ ಬರತಾರಂತ, ಅವರ ಮುಂದ ಓಡಲಿ.” ಒಂದು ನಿಟ್ಟುಸಿರು ಬಿಟ್ಟು ಹಿಟ್ಟಿನ ಡಬ್ಬಿ ಎಳೆದುಕೊಂಡಳು. “ನೀ ಹೊರಗ ಹೋಗಿ ಕುಂಡ್ರು. ಇವತ್ತ ರೊಟ್ಟಿ ನಾ ಬಡೀತೇನಿ.”

“ನಿಮ್ಮ ಕೈ ನೋಯ್ತಾವ್ರಿ ಅತ್ತೀ.”

“ನೋಯಲಿ. ಬಿಸಿ ಇದ್ದಾಗನ ತಿನ್ನು ನೀ.”